ಹರಳಿನ ಬದು ಮತ್ತು ಆಮ್ಲಜನಕ: ಕಾಂತೀಯ ತೆಳುಪದರಗಳನ್ನು ಅರಿಯುವ, ಕಾಯುವ ಬಗೆ

ಕಬ್ಬಿಣ, ಕೋಬಾಲ್ಟ್, ನಿಕಲ್ ಇಲ್ಲವೇ ಅವುಗಳ ಮಿಶ್ರಲೋಹಗಳನ್ನು ಗಾಜು ಅಥವಾ ಸಿಲಿಕಾನ್ ಬಿಲ್ಲೆಯ ಮೇಲೆ ಕೆಲವೇ ನ್ಯಾನೋಮೀಟರುಗಳಿಂದ ಕೆಲವು ನೂರು ನ್ಯಾನೋಮೀಟರುಗಳಷ್ಟು ದಪ್ಪಕ್ಕೆ ಹರಡಿದಾಗ ದೊರೆಯುವ ಲೇಪವನ್ನು ಕಾಂತೀಯ ತೆಳುಪದರ ಎನ್ನುತ್ತಾರೆ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಚದರ ಸೆಂಟಿಮೀಟರ್ ಗಾಜಿನ ಮೇಲೆ 10 ನ್ಯಾನೋಮೀಟರ್ ದಪ್ಪದ ಕಬ್ಬಿಣವನ್ನು ಹರಡಿದರೆ ಅದರ ತೂಕ ಸುಮಾರು 8 ಮೈಕ್ರೋಗ್ರಾಂ ಮಾತ್ರ. ಇಷ್ಟು ಕಡಿಮೆ ಲೋಹದಲ್ಲಿ ಹೊರಮೈಯೇ ಹೆಚ್ಚು, ಒಳಮೈ ಕಡಿಮೆ. ಆದ್ದರಿಂದ ದಪ್ಪ ಲೋಹದಲ್ಲಿ ಲೆಕ್ಕಕ್ಕೇ ಬಾರದ ಎರಡು ಸಂಗತಿಗಳು, ಅಂದರೆ ಲೋಹದ ಹರಳುಗಳು ಹೇಗೆ ಜೋಡಿಕೊಂಡಿವೆ ಎಂಬ ಸೂಕ್ಷ್ಮರಚನೆ ಹಾಗೂ ಗಾಳಿಯ ಆಮ್ಲಜನಕ ಎಲ್ಲೆಲ್ಲಿ ಸೇರಿಕೊಂಡಿದೆ ಎಂಬ ಉತ್ಕರ್ಷಣ, ತೆಳುಪದರದ ಕಾಂತತ್ವವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಇವೆರಡನ್ನೂ ಬೇರೆಬೇರೆ ಅಧ್ಯಾಯಗಳಾಗಿ ಓದುವ ರೂಢಿ ಪಠ್ಯಗಳಲ್ಲಿದೆ. ವಾಸ್ತವದಲ್ಲಿ ಅವು ಒಂದೇ ಕಥೆಯ ಎರಡು ಮುಖಗಳು: ಹರಳುಗಳ ನಡುವಿನ ಬದುವೇ ಆಮ್ಲಜನಕದ ದಾರಿ, ಮತ್ತು ಆಮ್ಲಜನಕವು ಆ ಬದುವಿನಲ್ಲೇ ನಿಂತಿತೋ ಹರಳೆಂಬ ಹೊಲದೊಳಗೆ ನುಗ್ಗಿತೋ ಎಂಬುದರ ಮೇಲೆ ಪದರ ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ನಿಂತಿದೆ.

ಕೊಪ್ಪಳ ಸೀಮೆಯಲ್ಲಿ ಈ ವಿಷಯವನ್ನು ಅರಿಯಲು ದೂರ ಹೋಗಬೇಕಿಲ್ಲ. ಹನುಮಸಾಗರ ಎಂಬ ಊರು ಸೇರಿರುವ ಕುಷ್ಟಗಿ ತಾಲ್ಲೂಕಿನ ನೆಲದಲ್ಲಿ ಭೂವಿಜ್ಞಾನಿಗಳು ಹುನಗುಂದ–ಕುಷ್ಟಗಿ ಶಿಸ್ಟ್ ಪಟ್ಟಿ ಎಂದು ಕರೆಯುವ ಪ್ರಾಚೀನ ಶಿಲಾವಲಯವೊಂದು ಹಾದುಹೋಗುತ್ತದೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಈ ಪಟ್ಟಿಯ ಪಟ್ಟೆಕಲ್ಲುಗಳಲ್ಲಿ ಕಬ್ಬಿಣದ ಆಕ್ಸೈಡ್ ಮತ್ತು ಚಕಮಕಿ ಜಾತಿಯ ಸಿಲಿಕಾ ಒಂದರ ಮೇಲೊಂದು ಪದರವಾಗಿ ಕುಳಿತಿವೆ. ಹಳೆಯ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣವು ಉತ್ಕರ್ಷಣಗೊಂಡು ತಳಕ್ಕಿಳಿದ ದಾಖಲೆ ಅದು. ಅದರಲ್ಲಿರುವ ಕಪ್ಪು ಖನಿಜ ಮ್ಯಾಗ್ನೆಟೈಟ್ ಸೂಜಿಗಲ್ಲಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೆಂಪು ಖನಿಜ ಹೆಮಟೈಟ್ ಅಂಟುವುದೇ ಇಲ್ಲವೆನ್ನಬಹುದು. ಮಳೆ ನಿಂತ ಮೇಲೆ ಹಳ್ಳದ ಮರಳಿನಲ್ಲಿ ಕಾಗದ ಸುತ್ತಿದ ಆಯಸ್ಕಾಂತವನ್ನು ಎಳೆದಾಡಿದರೆ ಕಪ್ಪು ಕಣಗಳು ಮುಳ್ಳಿನಂತೆ ನೆಟ್ಟಗೆ ನಿಲ್ಲುವುದನ್ನು ಶಾಲೆಯ ಮಕ್ಕಳೂ ಕಾಣಬಲ್ಲರು, ಮತ್ತು ಆ ಕಣಗಳಲ್ಲಿ ಬಹುಪಾಲು ಮ್ಯಾಗ್ನೆಟೈಟ್ ಆಗಿರುತ್ತದೆ.

ಇಲ್ಲಿ ಗಮನಿಸಬೇಕಾದ ಮೂರನೆಯ ಖನಿಜವೊಂದಿದೆ. ಮ್ಯಾಗ್ಹೆಮೈಟ್ ಎಂಬ ಕಂದು ಆಕ್ಸೈಡಿನಲ್ಲಿ ಕಬ್ಬಿಣ ಮತ್ತು ಆಮ್ಲಜನಕದ ಪ್ರಮಾಣ ಹೆಮಟೈಟಿನಲ್ಲಿ ಇರುವಷ್ಟೇ, ಎರಡಕ್ಕೆ ಮೂರು. ಆದರೂ ಹೆಮಟೈಟಿನ ಸಂತೃಪ್ತ ಕಾಂತೀಕರಣ, ಅಂದರೆ ಬಲವಾದ ಹೊರಗಿನ ಕ್ಷೇತ್ರದಲ್ಲಿ ಅದು ತಲುಪುವ ಗರಿಷ್ಠ ಕಾಂತೀಕರಣ, ಮೀಟರಿಗೆ ಎರಡು-ಮೂರು ಸಾವಿರ ಆಂಪಿಯರಿನಷ್ಟಿದ್ದರೆ, ಮ್ಯಾಗ್ಹೆಮೈಟಿನದು ನಾಲ್ಕು ಲಕ್ಷದ ಹತ್ತಿರ ಬರುತ್ತದೆ. ಬೇರೆಯಿರುವುದು ಪರಮಾಣುಗಳ ಜೋಡಣೆ ಒಂದೇ. ‘ಜಂಗು ಹಿಡಿದರೆ ಕಾಂತತ್ವ ಹೋಯಿತು’ ಎಂಬ ಸಾಮಾನ್ಯ ನಂಬಿಕೆಯನ್ನು ಈ ಒಂದು ಉದಾಹರಣೆಯೇ ಸಡಿಲಿಸುತ್ತದೆ. ಯಾವ ಜಂಗು, ಯಾವ ಜೋಡಣೆಯದು, ಎಲ್ಲಿ ಕುಳಿತಿದೆ ಎಂದು ಕೇಳದೆ ಉತ್ತರ ಹೇಳಲಾಗದು.

ಪದರ ಬೆಳೆಯುವ ರೀತಿ

ತೆಳುಪದರವನ್ನು ತಯಾರಿಸುವ ಹೆಚ್ಚು ಬಳಕೆಯ ವಿಧಾನಗಳು ಎರಡು. ನಿರ್ವಾತದಲ್ಲಿ ಲೋಹವನ್ನು ಕಾಯಿಸಿ ಆವಿಯಾಗಿಸುವುದು ಒಂದು. ಆರ್ಗಾನ್ ಅನಿಲದ ಅಯಾನುಗಳಿಂದ ಲೋಹದ ಫಲಕವನ್ನು ಹೊಡೆದು ಪರಮಾಣುಗಳನ್ನು ಚಿಮ್ಮಿಸುವ ಸ್ಪಟರಿಂಗ್ ಇನ್ನೊಂದು. ಎರಡರಲ್ಲೂ ಬಿಲ್ಲೆಯ ಮೇಲೆ ಬಂದು ಬಿದ್ದ ಪರಮಾಣುವಿಗೆ ಓಡಾಡುವ ಶಕ್ತಿ ಎಷ್ಟಿದೆ ಎಂಬುದೇ ಮುಖ್ಯ. ಶಕ್ತಿ ಸಾಲದಿದ್ದರೆ ಅದು ಬಿದ್ದಲ್ಲೇ ಕೂರುತ್ತದೆ. ಆಗ ಒತ್ತಾಗಿ ಬಿತ್ತಿದ ಜೋಳದ ಹೊಲದಲ್ಲಿ ಮೊದಲು ಎದ್ದ ದಂಟು ತನ್ನ ಪಕ್ಕದ ಸಣ್ಣ ಸಸಿಯ ಬಿಸಿಲನ್ನು ಕಿತ್ತುಕೊಂಡು ತಾನೇ ಎತ್ತರವಾಗುವಂತೆ, ಕೊಂಚ ಮುಂದಾದ ಉಬ್ಬುಗಳು ಹಿಂದಿನ ತಗ್ಗುಗಳಿಗೆ ನೆರಳಾಗಿ ನಿಂತು ಕಂಬಕಂಬವಾಗಿ ಬೆಳೆಯುತ್ತವೆ, ಕಂಬಗಳ ನಡುವೆ ಟೊಳ್ಳು ಉಳಿಯುತ್ತದೆ. ಶಕ್ತಿ ಹೆಚ್ಚಿದರೆ ಪರಮಾಣುಗಳು ಸರಿದು ತಗ್ಗುಗಳನ್ನು ತುಂಬುತ್ತವೆ, ಪದರ ಬಿಗಿಯಾಗುತ್ತದೆ. ಇನ್ನೂ ಹೆಚ್ಚಿದರೆ ಹರಳುಗಳು ಒಂದನ್ನೊಂದು ನುಂಗಿ ದೊಡ್ಡವಾಗುತ್ತವೆ.

ಮೋವ್ಚಾನ್ ಮತ್ತು ದೆಮ್ಚಿಶಿನ್ 1969ರಲ್ಲಿ ರೂಪಿಸಿದ, ಥಾರ್ನ್‌ಟನ್ 1974ರಲ್ಲಿ ಸ್ಪಟರಿಂಗಿಗೆ ವಿಸ್ತರಿಸಿದ ವಲಯ ನಕ್ಷೆಯು ಈ ಬದಲಾವಣೆಯನ್ನು ಎರಡು ಅಳತೆಗಳ ಮೇಲೆ ಇರಿಸುತ್ತದೆ: ಬಿಲ್ಲೆಯ ತಾಪಮಾನವು ಲೋಹದ ಕರಗುವ ತಾಪಮಾನದ ಎಷ್ಟು ಪಾಲು ಎಂಬುದು, ಮತ್ತು ಆರ್ಗಾನಿನ ಒತ್ತಡ ಎಷ್ಟು ಎಂಬುದು. ಕಬ್ಬಿಣ ಕರಗುವುದು 1811 ಕೆಲ್ವಿನ್‌ನಲ್ಲಿ; ಕೋಣೆಯ ತಾಪಮಾನವು 300 ಕೆಲ್ವಿನ್. ಅನುಪಾತ 0.17ರಷ್ಟು ಮಾತ್ರ. ಅಂದರೆ ಕಾಯಿಸದ ಬಿಲ್ಲೆಯ ಮೇಲೆ ಹೆಚ್ಚಿನ ಆರ್ಗಾನ್ ಒತ್ತಡದಲ್ಲಿ ಬೆಳೆಸಿದ ಕಬ್ಬಿಣದ ಪದರ ಬಹುತೇಕ ಟೊಳ್ಳು ಕಂಬಗಳ ವಲಯದಲ್ಲೇ ಇರುತ್ತದೆ. ಒತ್ತಡ ಹೆಚ್ಚಾದಷ್ಟೂ ಚಿಮ್ಮಿ ಬರುವ ಪರಮಾಣುಗಳು ಅನಿಲದೊಂದಿಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡು, ನಾನಾ ಕೋನಗಳಿಂದ ಬಿದ್ದು, ನೆರಳಿನ ಪರಿಣಾಮವನ್ನು ಹೆಚ್ಚಿಸುತ್ತವೆ. ಒತ್ತಡವನ್ನು ತಗ್ಗಿಸುವುದೇ ಬಿಗಿಯಾದ ಪದರಕ್ಕೆ ಇರುವ ಅತ್ಯಂತ ಅಗ್ಗದ ಉಪಾಯ.

ಟೊಳ್ಳು ರಚನೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಕೊಪ್ಪಳ ಜಿಲ್ಲೆಯ ಕಾರ್ಖಾನೆಗಳಲ್ಲೇ ದೊಡ್ಡ ಪ್ರಮಾಣದ ನಿದರ್ಶನವಿದೆ. ಗಿಣಿಗೇರಿಯ ಸುತ್ತಮುತ್ತ ಕಾಣುವ ಸ್ಪಾಂಜ್ ಕಬ್ಬಿಣ ಘಟಕಗಳಲ್ಲಿ ಅದಿರನ್ನು ಕರಗಿಸದೆಯೇ ಅದರ ಆಮ್ಲಜನಕವನ್ನು ಕಳೆಯಲಾಗುತ್ತದೆ. ಆಮ್ಲಜನಕ ಬಿಟ್ಟುಹೋದ ಜಾಗವೆಲ್ಲ ರಂಧ್ರವಾಗಿ ಉಳಿಯುತ್ತದೆ. ಇಂತಹ ಕಬ್ಬಿಣದ ರಾಶಿ ಮಳೆಯಲ್ಲಿ ನೆನೆದರೆ ತಾನೇ ತಾನಾಗಿ ಬಿಸಿಯೇರುವಷ್ಟು ವೇಗವಾಗಿ ಮತ್ತೆ ಉತ್ಕರ್ಷಣಗೊಳ್ಳುತ್ತದೆ. ಅದೇ ಮಳೆಯಲ್ಲಿ ಎರಕದ ಕಬ್ಬಿಣದ ಗಟ್ಟಿ ಹೊರಮೈಯಲ್ಲಿ ಮಾತ್ರ ಕೆಂಪಾಗಿ ಸುಮ್ಮನಿರುತ್ತದೆ. ಟೊಳ್ಳು ಕಂಬಗಳ ತೆಳುಪದರ ಮತ್ತು ಬಿಗಿ ತೆಳುಪದರಗಳ ನಡುವಿನ ಅಂತರ ಇದೇ ಬಗೆಯದು, ಅಳತೆ ಮಾತ್ರ ಲಕ್ಷಾಂತರ ಪಾಲು ಕಿರಿದು.

ಹರಳಿನ ಗಾತ್ರ ಮತ್ತು ಕಾಂತದ ಹಟ

ಆಯಸ್ಕಾಂತೀಯ ಲೋಹದೊಳಗೆ ಒಂದೇ ದಿಕ್ಕಿಗೆ ಮುಖ ಮಾಡಿದ ಪರಮಾಣುಗಳ ಪ್ರದೇಶಗಳನ್ನು ಡೊಮೇನ್ ಎಂದೂ, ಎರಡು ಡೊಮೇನ್‌ಗಳ ನಡುವಿನ ಗಡಿಯನ್ನು ಡೊಮೇನ್ ಗೋಡೆ ಎಂದೂ ಕರೆಯುತ್ತಾರೆ. ಹೊರಗಿನಿಂದ ವಿರುದ್ಧ ದಿಕ್ಕಿನ ಕಾಂತಕ್ಷೇತ್ರ ಹಾಕಿದಾಗ ಈ ಗೋಡೆಗಳು ಜರುಗಿ ಕಾಂತೀಕರಣ ತಿರುಗುತ್ತದೆ. ಹೀಗೆ ತಿರುಗಿಸಲು ಬೇಕಾಗುವ ಕ್ಷೇತ್ರವೇ ಕೋಅರ್ಸಿವಿಟಿ. ಅದನ್ನು ಕಾಂತದ ಹಟ ಎಂದು ತಿಳಿಯಬಹುದು. ಹಟ ಕಡಿಮೆಯಿದ್ದರೆ ಮೃದು ಕಾಂತ, ಅದು ಸೆನ್ಸರ್‌ಗಳಿಗೂ ಟ್ರಾನ್ಸ್‌ಫಾರ್ಮರುಗಳಿಗೂ ಒಳ್ಳೆಯದು. ಹೆಚ್ಚಿದ್ದರೆ ಗಡಸು ಕಾಂತ, ಅದು ಬರೆದದ್ದನ್ನು ನೆನಪಿಟ್ಟುಕೊಳ್ಳಲು ಒಳ್ಳೆಯದು. ಆದ್ದರಿಂದ ‘ಒಳ್ಳೆಯ ಪದರ’ ಎಂಬ ಮಾತಿಗೆ ಉದ್ದೇಶವನ್ನು ಬಿಟ್ಟು ಅರ್ಥವಿಲ್ಲ.

ದೊಡ್ಡ ಹರಳುಗಳ ಲೋಹದಲ್ಲಿ ಹರಳಿನ ಬದುಗಳು ಗೋಡೆಯ ಚಲನೆಗೆ ತಡೆಯಾಗುತ್ತವೆ. ಹರಳು ಕಿರಿದಾದಷ್ಟೂ ಬದು ಹೆಚ್ಚಿ ಹಟವೂ ಹೆಚ್ಚುತ್ತದೆ. ಇದನ್ನೇ ಮುಂದುವರಿಸಿದರೆ ಅತಿ ಸಣ್ಣ ಹರಳು ಅತಿ ಹಟಮಾರಿಯಾಗಬೇಕೆಂದು ತೋರುತ್ತದೆ, ಆದರೆ ನಿಸರ್ಗ ಹಾಗೆ ನಡೆಯುವುದಿಲ್ಲ. ಹರಳಿನ ವ್ಯಾಸ ಸುಮಾರು 30–40 ನ್ಯಾನೋಮೀಟರಿಗಿಂತ ಕೆಳಗಿಳಿದಾಗ ನೆರೆಹೊರೆಯ ಹರಳುಗಳನ್ನು ಬೆಸೆಯುವ ವಿನಿಮಯ ಬಲವು ಮೇಲುಗೈ ಪಡೆದು, ಪ್ರತಿ ಹರಳಿಗೂ ಇರುವ ತನ್ನದೇ ಇಷ್ಟದ ದಿಕ್ಕು ಸರಾಸರಿಯಲ್ಲಿ ಅಳಿಸಿಹೋಗುತ್ತದೆ, ಹಟ ಕುಸಿಯುತ್ತದೆ. ಹರ್ಜರ್ ಅವರು ನ್ಯಾನೋಹರಳುಗಳ ಮೃದು ಮಿಶ್ರಲೋಹಗಳಲ್ಲಿ ತೋರಿಸಿದಂತೆ ಈ ವ್ಯಾಪ್ತಿಯಲ್ಲಿ ಕೋಅರ್ಸಿವಿಟಿಯು ವ್ಯಾಸದ ಆರನೆಯ ಘಾತದಂತೆ ಏರಿಳಿಯುತ್ತದೆ: ಹರಳು ಅರ್ಧವಾದರೆ ಹಟ ಅರವತ್ತನಾಲ್ಕರಲ್ಲಿ ಒಂದಕ್ಕೆ ಇಳಿಯಬೇಕು. ತೆಳುಪದರಗಳಲ್ಲಿ ಘಾತ ಇಷ್ಟು ಕಡಿದಾಗಿರುವುದಿಲ್ಲ, ಆದರೂ ದಿಕ್ಕು ಅದೇ.

ಈ ಇಡೀ ವಾದ ಒಂದು ಷರತ್ತಿನ ಮೇಲೆ ನಿಂತಿದೆ: ಹರಳುಗಳು ಒಂದನ್ನೊಂದು ಮುಟ್ಟಿಕೊಂಡಿರಬೇಕು. ಬದುವಿನಲ್ಲಿ ಕಾಂತತ್ವವಿಲ್ಲದ ಆಕ್ಸೈಡ್ ಒಂದು ನ್ಯಾನೋಮೀಟರಿನಷ್ಟು ಸೇರಿಕೊಂಡರೂ ನೆರೆಹೊರೆಯ ಮಾತುಕತೆ ನಿಂತುಹೋಗುತ್ತದೆ, ಪ್ರತಿ ಹರಳೂ ಒಂಟಿಯಾಗಿ ತನ್ನ ಹಟ ಹಿಡಿಯುತ್ತದೆ. ಒಂದೇ ಗಾತ್ರದ ಹರಳುಗಳಿರುವ ಎರಡು ಪದರಗಳಲ್ಲಿ ಒಂದು ಮೃದುವೂ ಇನ್ನೊಂದು ಗಡಸೂ ಆಗಿ ಕಂಡಾಗ ಪ್ರಯೋಗಾಲಯದಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ಬದುವನ್ನೇ.

ಹೊರಮೈಯ ನಷ್ಟದ ಲೆಕ್ಕ

ಶುದ್ಧ ಕಬ್ಬಿಣದ ಪದರವನ್ನು ನಿರ್ವಾತದಿಂದ ಹೊರತೆಗೆದ ಕೂಡಲೇ ಅದರ ಮೇಲೆ ಆಕ್ಸೈಡ್ ಬೆಳೆಯತೊಡಗುತ್ತದೆ; ಎರಡು-ಮೂರು ನ್ಯಾನೋಮೀಟರ್ ತಲುಪಿದ ಮೇಲೆ ಕೋಣೆಯ ತಾಪಮಾನದಲ್ಲಿ ಬೆಳವಣಿಗೆ ತೀರ ನಿಧಾನವಾಗುತ್ತದೆ. ಕಬ್ರೆರಾ ಮತ್ತು ಮಾಟ್ 1940ರ ದಶಕದ ಕೊನೆಯಲ್ಲಿ ನೀಡಿದ ವಿವರಣೆಯ ಪ್ರಕಾರ, ಆಕ್ಸೈಡಿನ ಹೊರಮೈಯಲ್ಲಿ ಕುಳಿತ ಆಮ್ಲಜನಕವು ಲೋಹದಿಂದ ಎಲೆಕ್ಟ್ರಾನ್‌ಗಳನ್ನು ಸೆಳೆದುಕೊಂಡಾಗ ಹುಟ್ಟುವ ವಿದ್ಯುತ್ ಕ್ಷೇತ್ರವೇ ಲೋಹದ ಅಯಾನುಗಳನ್ನು ಹೊರಗೆಳೆಯುತ್ತದೆ, ಪದರ ದಪ್ಪವಾದಂತೆ ಆ ಕ್ಷೇತ್ರ ಸೊರಗಿ ಎಳೆತ ನಿಲ್ಲುತ್ತದೆ. ಬಿಸಿ ಮಾಡಿದರೆ ಈ ತಡೆ ಮುರಿಯುತ್ತದೆ. ಕುಡಗೋಲು, ಕುರ್ಪಿಗಳಿಗೆ ಹದ ಹಾಕುವ ಕಮ್ಮಾರರು ಉಕ್ಕು ಮೊದಲು ಹುಲ್ಲಿನ ಹಳದಿಗೆ, ಆಮೇಲೆ ಕಂದು-ನೇರಳೆಗೆ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೀಲಿಗೆ ತಿರುಗುವುದನ್ನು ನೋಡಿಯೇ ಕಾವನ್ನು ಅಳೆಯುತ್ತಾರೆ. ಆ ಬಣ್ಣಗಳು ಹತ್ತಾರು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ತೆಳುಪದರದಲ್ಲಿ ಬೆಳಕು ಹಾಯ್ದು ಹಿಂತಿರುಗುವಾಗ ಹುಟ್ಟುವಂಥವು. ತೆಳುಪದರದ ದಪ್ಪವನ್ನು ಬಣ್ಣದಿಂದ ಓದುವ ವಿದ್ಯೆ ಕುಲುಮೆಯಲ್ಲಿ ಬಹಳ ಹಿಂದಿನಿಂದಲೂ ಇದೆ ಎಂಬುದು ಗೌರವದಿಂದ ನೆನೆಯತಕ್ಕ ಸಂಗತಿ.

ವಿದ್ಯಾರ್ಥಿಗಳು ಇಲ್ಲಿ ಮಾಡುವ ಸಾಮಾನ್ಯ ತಪ್ಪೊಂದಿದೆ. ಆಕ್ಸೈಡಿನ ದಪ್ಪ 2.5 ನ್ಯಾನೋಮೀಟರ್ ಎಂದರೆ ಅಷ್ಟೇ ಕಬ್ಬಿಣ ಕಳೆದುಹೋಯಿತೆಂದು ಬಗೆಯುತ್ತಾರೆ. ಕಬ್ಬಿಣ ಆಕ್ಸೈಡ್ ಆಗುವಾಗ ಅದರ ಗಾತ್ರ ಎರಡು ಪಟ್ಟಿಗಿಂತ ಕೊಂಚ ಹೆಚ್ಚಾಗುವುದರಿಂದ ಕಳೆದುಹೋಗುವ ಲೋಹ ಸುಮಾರು 1.2 ನ್ಯಾನೋಮೀಟರ್. 100 ನ್ಯಾನೋಮೀಟರ್ ಪದರದಲ್ಲಿ ಇದು ನೂರಕ್ಕೆ ಒಂದರಷ್ಟು. 10 ನ್ಯಾನೋಮೀಟರಿನಲ್ಲಿ ನೂರಕ್ಕೆ ಹನ್ನೆರಡು. 3 ನ್ಯಾನೋಮೀಟರಿನಲ್ಲಿ ನೂರಕ್ಕೆ ನಲವತ್ತು. ಮಿಶ್ರಲೋಹಗಳಲ್ಲಿ ನಷ್ಟ ದಪ್ಪದಲ್ಲಿ ಮಾತ್ರ ಆಗುವುದಿಲ್ಲ. ನಿಕಲ್ ನೂರಕ್ಕೆ ಎಂಬತ್ತು, ಕಬ್ಬಿಣ ಇಪ್ಪತ್ತು ಇರುವ ಪರ್ಮಲಾಯ್ ಎಂಬ ಮೃದು ಮಿಶ್ರಲೋಹದಲ್ಲಿ ಆಮ್ಲಜನಕವು ಕಬ್ಬಿಣವನ್ನೇ ಆರಿಸಿಕೊಂಡು ಮೇಲಕ್ಕೆಳೆಯುತ್ತದೆ, ಕೆಳಗೆ ಉಳಿದದ್ದರಲ್ಲಿ ನಿಕಲಿನ ಪಾಲು ಹೆಚ್ಚುತ್ತದೆ. ಆ ಮಿಶ್ರಣದ ಪ್ರಮಾಣವನ್ನು ಆರಿಸಿದ್ದೇ ಒತ್ತಡದಿಂದ ಕಾಂತಗುಣ ಬದಲಾಗದಿರಲೆಂದು. ಪ್ರಮಾಣ ಜಾರಿದೊಡನೆ ಆ ಅನುಕೂಲವೂ ಜಾರುತ್ತದೆ.

ಉತ್ಕರ್ಷಣ ಗಾಳಿಗೆ ತೆರೆದ ಮೇಲೆಯೇ ಆರಂಭವಾಗುತ್ತದೆ ಎಂಬುದೂ ಪೂರ್ಣ ಸತ್ಯವಲ್ಲ. ಒಂದು ಟಾರ್ ಒತ್ತಡದ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸಿದ ನಿರ್ವಾತದಲ್ಲೂ ಉಳಿದ ಅನಿಲದ ಅಣುಗಳು ಸುಮಾರು ಸೆಕೆಂಡಿಗೆ ಒಂದು ಪೂರ್ಣ ಪರಮಾಣು ಪದರದಷ್ಟು ಬಿಲ್ಲೆಗೆ ಬಡಿಯುತ್ತಿರುತ್ತವೆ. ಸೆಕೆಂಡಿಗೆ 0.1 ನ್ಯಾನೋಮೀಟರ್ ವೇಗದಲ್ಲಿ ಕಬ್ಬಿಣ ಬೆಳೆಸಿದರೆ ಲೋಹದ ಒಂದು ಪರಮಾಣು ಪದರಕ್ಕೆ ಎರಡು ಸೆಕೆಂಡು ಬೇಕು. ಅಷ್ಟರಲ್ಲಿ ಬಂದ ಅನಿಲದ ಅಣುಗಳಲ್ಲಿ ಎಲ್ಲವೂ ಅಂಟುವುದಿಲ್ಲವಾದರೂ, ಅಂಟಿದ ನೀರಾವಿ ಮತ್ತು ಆಮ್ಲಜನಕ ಹರಳು ಬೆಳೆಯುವ ಹೊತ್ತಿನಲ್ಲೇ ಬದುವಿಗೆ ಸೇರಿಕೊಂಡು ಹರಳನ್ನು ಬೆಳೆಯಗೊಡುವುದಿಲ್ಲ. ನಿರ್ವಾತವನ್ನು ಸಾವಿರ ಪಟ್ಟು ಉತ್ತಮಗೊಳಿಸಿದರೆ ಅದೇ ಒಂದು ಪದರಕ್ಕೆ ಸಾವಿರ ಸೆಕೆಂಡು ಹಿಡಿಯುತ್ತದೆ. ಹಾಗಾಗಿ ಪ್ರಬಂಧಗಳಲ್ಲಿ ಪದರದ ದಪ್ಪವನ್ನಷ್ಟೇ ಬರೆದು, ಮೂಲ ನಿರ್ವಾತ ಮತ್ತು ಬೆಳೆಸಿದ ವೇಗವನ್ನು ಬಿಟ್ಟರೆ ಓದುವವರಿಗೆ ಫಲಿತಾಂಶದ ಅರ್ಧ ಮಾತ್ರ ದೊರೆಯುತ್ತದೆ.

ಆಮ್ಲಜನಕ ಆಳಾಗುವಾಗ

ಬದುವಿನ ಆಕ್ಸೈಡನ್ನು ಬೇಕೆಂದೇ ಬೆಳೆಸುವ ಕಲೆಯೇ ಆಧುನಿಕ ದತ್ತಾಂಶ ಸಂಗ್ರಹದ ಬೆನ್ನೆಲುಬು. ಇಂದಿನ ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಕೋಬಾಲ್ಟ್–ಕ್ರೋಮಿಯಂ–ಪ್ಲಾಟಿನಂ ಹರಳುಗಳು ಎಂಟು ನ್ಯಾನೋಮೀಟರಿನ ಆಸುಪಾಸಿನ ವ್ಯಾಸದಲ್ಲಿ ನೆಟ್ಟಗೆ ನಿಂತಿರುತ್ತವೆ, ಅವುಗಳ ನಡುವೆ ಸಿಲಿಕಾನ್ ಅಥವಾ ಟೈಟಾನಿಯಂ ಆಕ್ಸೈಡಿನ ಸುಮಾರು ಒಂದು ನ್ಯಾನೋಮೀಟರ್ ಬದು ಇರುತ್ತದೆ. ಆ ಬದು ಇಲ್ಲದಿದ್ದರೆ ಒಂದು ಹರಳಿಗೆ ಬರೆದ ಅಕ್ಷರ ಪಕ್ಕದ ಹರಳಿಗೂ ಹಬ್ಬುತ್ತದೆ. ಇಲ್ಲಿ ತಯಾರಕರು ಕೆಳಪದರದ ರುಥೇನಿಯಮ್ಮನ್ನು ಬೇಕೆಂದೇ ಹೆಚ್ಚಿನ ಆರ್ಗಾನ್ ಒತ್ತಡದಲ್ಲಿ ಬೆಳೆಸಿ ಕಂಬಗಳ ನಡುವೆ ಅಂತರ ಬಿಡುತ್ತಾರೆ. ಬೇರೆಡೆ ದೋಷವಾಗಿದ್ದ ನೆರಳಿನ ಪರಿಣಾಮ ಇಲ್ಲಿ ಸಾಧನವಾಗುತ್ತದೆ. ಎಲ್ಲದರ ಮೇಲೆ ಎರಡು-ಮೂರು ನ್ಯಾನೋಮೀಟರಿನ ಇಂಗಾಲದ ಹೊದಿಕೆ ಹಾಕಿ ಹೊರಗಿನ ಆಮ್ಲಜನಕಕ್ಕೆ ಬಾಗಿಲು ಮುಚ್ಚುತ್ತಾರೆ.

ಆಕ್ಸೈಡ್ ಸ್ವತಃ ಕಾಂತೀಯ ಕ್ರಮ ಪಡೆದಿದ್ದರೆ ಇನ್ನೊಂದು ವಿದ್ಯಮಾನ ಎದುರಾಗುತ್ತದೆ. ಮೈಕಲ್‌ಜಾನ್ ಮತ್ತು ಬೀನ್ 1956ರಲ್ಲಿ ಹೊರಮೈ ಉತ್ಕರ್ಷಣಗೊಂಡ ಕೋಬಾಲ್ಟ್ ಕಣಗಳನ್ನು ಕಾಂತಕ್ಷೇತ್ರದಲ್ಲಿ ತಂಪಾಗಿಸಿ ಅಳೆದಾಗ, ಸಮನಾಗಿ ಎಡಬಲಕ್ಕೆ ಇರಬೇಕಾದ ಹಿಸ್ಟೆರಿಸಿಸ್ ಕುಣಿಕೆ, ಅಂದರೆ ಕಾಂತೀಕರಣದ ಏರಿಳಿತದ ನಕ್ಷೆ, ಒಂದು ಬದಿಗೆ ಸರಿದಿತ್ತು. ಕೋಬಾಲ್ಟ್ ಆಕ್ಸೈಡಿನಲ್ಲಿ ನೆರೆಹೊರೆಯ ಪರಮಾಣು ಕಾಂತಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಕಟ್ಟಿಕೊಂಡು ಹೊರಗೆ ಕಾಂತತ್ವ ತೋರದಿದ್ದರೂ, ಅಂಚಿನಲ್ಲಿ ಲೋಹದ ಕಾಂತವನ್ನು ಒಂದು ದಿಕ್ಕಿಗೆ ಹಿಡಿದಿಡುತ್ತವೆ. ಈ ಕ್ರಮ ಕೋಬಾಲ್ಟ್ ಆಕ್ಸೈಡಿನಲ್ಲಿ ಸುಮಾರು 290 ಕೆಲ್ವಿನ್‌ಗೆ, ಅಂದರೆ 17–18 ಡಿಗ್ರಿ ಸೆಲ್ಸಿಯಸ್‌ಗೆ ಕಳಚಿಹೋಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಕೊಪ್ಪಳದ ಸೀಮೆಯಲ್ಲಿ ಕೋಣೆಯ ತಾಪಮಾನದ ಅಳತೆಯೊಂದನ್ನೇ ನೆಚ್ಚಿದವರಿಗೆ ಈ ಸರಿತ ಕಾಣುವುದೇ ಇಲ್ಲ. ಕೋಬಾಲ್ಟ್ ಪದರ ಉತ್ಕರ್ಷಣಗೊಂಡಿದೆಯೇ ಎಂದು ಕಾಂತೀಯವಾಗಿ ತಿಳಿಯಲು ಕ್ಷೇತ್ರದಲ್ಲಿ ತಂಪಾಗಿಸಿ ಅಳೆಯಲೇಬೇಕು.

ಆಮ್ಲಜನಕವನ್ನು ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸುವ ಸಂಯಮದ ಅತ್ಯುತ್ತಮ ನಿದರ್ಶನ ಕನ್ನಡ ನಾಡಿನಲ್ಲಿ ಓದಿದ ವಿಜ್ಞಾನಿಯೊಬ್ಬರ ಕೈಯಿಂದ ಬಂದಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮದ್ರಾಸಿನ ಐಐಟಿಯಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ಎಂಐಟಿಯಲ್ಲಿ ನೆಲೆಸಿದ ಜಗದೀಶ್ ಮೂಡೆರ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋಬಾಲ್ಟ್–ಕಬ್ಬಿಣದ ಪದರ, ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಅತಿ ತೆಳುವಾದ ತಡೆ, ಅದರ ಮೇಲೆ ಕೋಬಾಲ್ಟ್ ಪದರ ಇದ್ದವು. ಎಲೆಕ್ಟ್ರಾನ್‌ಗಳು ನಡುವಿನ ತಡೆಯನ್ನು ಕ್ವಾಂಟಂ ಸುರಂಗದ ಮೂಲಕ ದಾಟುತ್ತವೆ. ಮೇಲಿನ ಕೆಳಗಿನ ಕಾಂತಗಳು ಒಂದೇ ದಿಕ್ಕಿನಲ್ಲಿದ್ದರೆ ವಿದ್ಯುತ್ ರೋಧ ಕಡಿಮೆ, ಎದುರುಬದುರಾದರೆ ಹೆಚ್ಚು. ಜೂಲಿಯೇರ್ 1975ರಲ್ಲೇ ಅತಿ ಕಡಿಮೆ ತಾಪಮಾನದಲ್ಲಿ ಇದನ್ನು ಕಂಡಿದ್ದರೂ ಕೋಣೆಯ ತಾಪಮಾನದಲ್ಲಿ ದೊಡ್ಡದಾಗಿ ಪಡೆಯುವುದು ಇಪ್ಪತ್ತು ವರ್ಷ ಕೈಗೆಟುಕಿರಲಿಲ್ಲ. ಮೂಡೆರ ತಂಡ 295 ಕೆಲ್ವಿನ್‌ನಲ್ಲಿ ನೂರಕ್ಕೆ 11.8ರಷ್ಟು ಬದಲಾವಣೆಯನ್ನು ತೋರಿಸಿತು. ಅದೇ ವರ್ಷ ಜಪಾನಿನಲ್ಲಿ ಮಿಯಾಝಾಕಿ ಮತ್ತು ತೆಝುಕಾ ಕಬ್ಬಿಣದ ಪದರಗಳಲ್ಲಿ ನೂರಕ್ಕೆ 18ನ್ನು ಕಂಡರು.

ಈ ಯಶಸ್ಸಿನ ಗುಟ್ಟು ಹೊಸ ಲೋಹದಲ್ಲಿರಲಿಲ್ಲ. ಗಾಜಿನ ಮೇಲೆ ಮೊದಲು ಒಂದು ನ್ಯಾನೋಮೀಟರಿನಷ್ಟು ಸಿಲಿಕಾನ್ ಹಾಕಿ, ಬಿಲ್ಲೆಯನ್ನು ದ್ರವ ನೈಟ್ರೋಜನ್ನಿನಿಂದ ತಂಪಾಗಿಸಿ ಕಾಂತೀಯ ಪದರ ಬೆಳೆಸಿದಾಗ ಅದರ ಮೇಲ್ಮೈ ಉಬ್ಬುತಗ್ಗಿಲ್ಲದೆ ನುಣುಪಾಯಿತು. ಅದರ ಮೇಲೆ ಹಾಸಿದ ತೆಳು ಅಲ್ಯೂಮಿನಿಯಮ್ಮನ್ನು ಆಮ್ಲಜನಕದ ಪ್ಲಾಸ್ಮಾದಲ್ಲಿ ಉತ್ಕರ್ಷಣಗೊಳಿಸಲಾಯಿತು. ಪ್ಲಾಸ್ಮಾ ಕಡಿಮೆಯಾದರೆ ಉತ್ಕರ್ಷಣಗೊಳ್ಳದ ಅಲ್ಯೂಮಿನಿಯಂ ಉಳಿದು ಎಲೆಕ್ಟ್ರಾನ್‌ಗಳ ಕಾಂತದಿಕ್ಕು ಮಸುಕಾಗುತ್ತದೆ. ಹೆಚ್ಚಾದರೆ ಆಮ್ಲಜನಕ ಕೆಳಗಿನ ಕೋಬಾಲ್ಟ್–ಕಬ್ಬಿಣಕ್ಕೆ ಇಳಿದು ಅಲ್ಲಿ ಹುಟ್ಟುವ ಆಕ್ಸೈಡ್ ಆ ದಿಕ್ಕನ್ನು ಕೆಡಿಸುತ್ತದೆ. ಮೇಲ್ಮೈ ಉಬ್ಬುತಗ್ಗಾಗಿದ್ದರೆ ಒಂದೆಡೆ ಕಡಿಮೆ, ಇನ್ನೊಂದೆಡೆ ಹೆಚ್ಚು ಆಗುವುದು ಅನಿವಾರ್ಯ. ಸೂಕ್ಷ್ಮರಚನೆ ಸರಿಯಿಲ್ಲದೆ ಉತ್ಕರ್ಷಣವನ್ನು ಹತೋಟಿಯಲ್ಲಿಡಲಾಗದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಪ್ರಯೋಗ ಇನ್ನೊಂದಿಲ್ಲ. ಮುಂದೆ 2004ರಲ್ಲಿ ಯುವಾಸಾ ಮತ್ತು ಪಾರ್ಕಿನ್ ಅವರ ತಂಡಗಳು ಹರಳುಕ್ರಮವಿಲ್ಲದ ಅಲ್ಯೂಮಿನಿಯಂ ಆಕ್ಸೈಡಿನ ಜಾಗದಲ್ಲಿ ಹರಳುಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದ ಮೆಗ್ನೀಸಿಯಂ ಆಕ್ಸೈಡನ್ನು ಇರಿಸಿ ಬದಲಾವಣೆಯನ್ನು ನೂರಕ್ಕೆ 180–220ರವರೆಗೆ ಏರಿಸಿದವು. ಈ ಸುರಂಗ ಪ್ರಯೋಗಗಳ ಕೆಲಸಕ್ಕಾಗಿ 2009ರಲ್ಲಿ ಮೂಡೆರ, ಮೆಸರ್ವೆ, ಟೆಡ್ರೋ ಮತ್ತು ಮಿಯಾಝಾಕಿ ಅವರಿಗೆ ಅಮೆರಿಕನ್ ಫಿಸಿಕಲ್ ಸೊಸೈಟಿಯ ಬಕ್ಲಿ ಪ್ರಶಸ್ತಿ ಸಂದಿತು.

ಪ್ರಯೋಗಕ್ಕೆ ಇಳಿಯುವವರಿಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಕಾಲೇಜುಗಳಿಂದ ಭೌತವಿಜ್ಞಾನ ಓದಿ ಸಂಶೋಧನೆಗೆ ಹೊರಡುವವರಿಗೆ ತೆಳುಪದರದ ಯಂತ್ರಗಳು ಹತ್ತಿರದಲ್ಲಿ ಸಿಗದಿರಬಹುದು, ಆದರೆ ದಾರಿ ಮುಚ್ಚಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಹೊರಗಿನ ಕಾಲೇಜು-ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ತರಬೇತಿ ಮತ್ತು ಯಂತ್ರಬಳಕೆಯ ಅವಕಾಶ ನೀಡುವ ಭಾರತೀಯ ನ್ಯಾನೋಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ ಕೇಂದ್ರ ಸರ್ಕಾರದ ನೆರವಿನಿಂದ ನಡೆದುಬಂದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಬೇಸಿಗೆಯ ಸಂಶೋಧನಾ ಶಿಷ್ಯವೇತನ ನೀಡುತ್ತದೆ.

ಯಂತ್ರದ ಮುಂದೆ ನಿಲ್ಲುವ ಮೊದಲೇ ಒಂದು ನಿರ್ಧಾರ ಆಗಿರಬೇಕು: ಪದರವನ್ನು ಗಾಳಿಗೆ ತೆರೆಯುವ ಮುನ್ನ ಅದೇ ನಿರ್ವಾತದಲ್ಲಿ ಯಾವ ಹೊದಿಕೆ ಹಾಕುವುದು. ಮೂರರಿಂದ ಐದು ನ್ಯಾನೋಮೀಟರ್ ಟ್ಯಾಂಟಲಂ ಅಥವಾ ಪ್ಲಾಟಿನಂ ಸಾಮಾನ್ಯವಾಗಿ ಸಾಕು. ಅಲ್ಯೂಮಿನಿಯಂ ಅಗ್ಗ, ತನ್ನ ಆಕ್ಸೈಡಿನಿಂದ ತಾನೇ ಮುಚ್ಚಿಕೊಳ್ಳುತ್ತದೆ, ಆದರೆ ಎರಡು ನ್ಯಾನೋಮೀಟರಿಗಿಂತ ತೆಳುವಾದರೆ ಪೂರ್ತಿ ಆಕ್ಸೈಡಾಗಿ ಆಮ್ಲಜನಕ ಕೆಳಗಿಳಿಯುವ ಭಯವಿದೆ. ಟೊಳ್ಳು ಕಂಬಗಳ ಪದರಕ್ಕೆ ಯಾವ ಹೊದಿಕೆಯೂ ಪೂರ್ತಿ ರಕ್ಷಣೆ ಕೊಡದು, ಏಕೆಂದರೆ ಹೊದಿಕೆಯೂ ಅದೇ ಟೊಳ್ಳನ್ನು ಅನುಸರಿಸಿ ಬೆಳೆಯುತ್ತದೆ. ಆದ್ದರಿಂದ ಮೊದಲು ಆರ್ಗಾನ್ ಒತ್ತಡ ತಗ್ಗಿಸಿ ಪದರವನ್ನು ಬಿಗಿಗೊಳಿಸುವುದು, ಆಮೇಲೆ ಹೊದಿಕೆಯ ಮಾತು.

ಅಳತೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಅತ್ಯಂತ ಸರಳವಾದದ್ದೇ. ಒಂದೇ ಬಗೆಯಲ್ಲಿ 5, 10, 20, 40 ನ್ಯಾನೋಮೀಟರ್ ದಪ್ಪದ ನಾಲ್ಕು ಪದರಗಳನ್ನು ಬೆಳೆಸಿ, ಚದರ ಸೆಂಟಿಮೀಟರಿಗೆ ಎಷ್ಟು ಕಾಂತಭ್ರಾಮಕ, ಅಂದರೆ ಒಟ್ಟು ಕಾಂತತ್ವ, ಬರುತ್ತದೆ ಎಂಬುದನ್ನು ದಪ್ಪದ ಎದುರು ಗುರುತಿಸಿದರೆ ಸರಳರೇಖೆ ದೊರೆಯುತ್ತದೆ. ರೇಖೆಯ ಇಳಿಜಾರು ಲೋಹದ ಸಂತೃಪ್ತ ಕಾಂತೀಕರಣವನ್ನೂ, ರೇಖೆ ದಪ್ಪದ ಅಕ್ಷವನ್ನು ಕಡಿಯುವ ಬಿಂದು ಕಾಂತತ್ವ ಕಳೆದುಕೊಂಡ ಸತ್ತ ಪದರದ ದಪ್ಪವನ್ನೂ ಹೇಳುತ್ತವೆ. ಇಳಿಜಾರೇ ಕಡಿಮೆಯಿದ್ದರೆ ಆಮ್ಲಜನಕ ಬದುಗಳುದ್ದಕ್ಕೂ ಒಳಗಿಳಿದಿದೆಯೆಂದೂ, ಇಳಿಜಾರು ಸರಿಯಿದ್ದು ಬಿಂದು ಮಾತ್ರ ಸರಿದಿದ್ದರೆ ಹಾನಿ ಹೊರಮೈಗೆ ಸೀಮಿತವೆಂದೂ ತಿಳಿಯಬಹುದು. ದುಬಾರಿ ಸೂಕ್ಷ್ಮದರ್ಶಕದ ಸರದಿಗಾಗಿ ತಿಂಗಳುಗಟ್ಟಲೆ ಕಾಯುವ ಮುನ್ನ ಈ ಒಂದು ನಕ್ಷೆ ಕೈಯಲ್ಲಿರಬೇಕು. ಐದು ಮಿಲಿಮೀಟರ್ ಬದಿಯ ಚೌಕದಲ್ಲಿ 10 ನ್ಯಾನೋಮೀಟರ್ ಪರ್ಮಲಾಯ್ ಕೊಡುವ ಸಂಕೇತ ತೀರ ಚಿಕ್ಕದಾದ್ದರಿಂದ ಉಕ್ಕಿನ ಚಿಮಟದಿಂದ ಬಿಲ್ಲೆಯನ್ನು ಹಿಡಿಯಬಾರದು. ಅದರ ತುದಿಯಿಂದ ಉದುರಿದ ಕಣ್ಣಿಗೆ ಕಾಣದ ಪುಡಿಯೇ ಸುಳ್ಳು ಕಾಂತತ್ವ ತೋರಿಸಬಲ್ಲದು. ಪ್ಲಾಸ್ಟಿಕ್ ಅಥವಾ ಟೈಟಾನಿಯಂ ಚಿಮಟ ಲೇಸು.

ಯಾವ ಆಕ್ಸೈಡ್ ಎಂದು ಗುರುತಿಸುವಾಗ ಎಕ್ಸ್-ಕಿರಣ ವಿವರ್ತನೆಯೊಂದನ್ನೇ ನಂಬಿದರೆ ಮೋಸ ಹೋಗುವ ಸಾಧ್ಯತೆಯಿದೆ. ಮ್ಯಾಗ್ನೆಟೈಟ್ ಮತ್ತು ಮ್ಯಾಗ್ಹೆಮೈಟ್‌ಗಳ ಹರಳು ಜಾಲದ ಅಳತೆಗಳು ಕ್ರಮವಾಗಿ 0.840 ಮತ್ತು 0.835 ನ್ಯಾನೋಮೀಟರಿನಷ್ಟು ಹತ್ತಿರ ಇದ್ದು, ಸಣ್ಣ ಹರಳುಗಳ ಅಗಲವಾದ ಶಿಖರಗಳಲ್ಲಿ ಎರಡೂ ಬೆರೆತುಹೋಗುತ್ತವೆ. ರಾಮನ್ ರೋಹಿತ ಇವೆರಡನ್ನೂ ಬೇರ್ಪಡಿಸಬಲ್ಲದು; ಆದರೆ ಲೇಸರಿನ ಕಾವು ಹೆಚ್ಚಾದರೆ ಅಳೆಯುತ್ತಿರುವಾಗಲೇ ಮ್ಯಾಗ್ನೆಟೈಟ್ ಉತ್ಕರ್ಷಣಗೊಂಡು ಹೆಮಟೈಟಾಗಿ ಬದಲಾಗುವುದರಿಂದ ಲೇಸರಿನ ಶಕ್ತಿಯನ್ನು ತೀರ ಕಡಿಮೆ ಇಡಬೇಕು. ಸುಮಾರು 120 ಕೆಲ್ವಿನ್ ಬಳಿ ಮ್ಯಾಗ್ನೆಟೈಟ್ ತೋರುವ ವರ್ವೆ ಪರಿವರ್ತನೆ, ಅಂದರೆ ತಂಪಾಗುವಾಗ ಅದರ ವಿದ್ಯುತ್ ರೋಧ ಹಠಾತ್ತನೆ ಏರುವ ಘಟನೆ, ಇನ್ನೊಂದು ಸಾಕ್ಷಿ.

ಮನೆಯಲ್ಲಿರುವ ಪದರಗಳು

ಈ ಎಲ್ಲ ವಿಚಾರಗಳು ಹನುಮಸಾಗರದಂತಹ ಊರಿನ ಮನೆಗಳ ಕಪಾಟಿಗೂ ನೇರವಾಗಿ ಸಂಬಂಧಿಸುತ್ತವೆ. ಭಜನೆ, ದೊಡ್ಡಾಟ, ಮದುವೆ, ಜಾತ್ರೆಗಳ ಧ್ವನಿ ಮತ್ತು ಚಿತ್ರ ಎಷ್ಟೋ ಕುಟುಂಬಗಳಲ್ಲಿ ಇಂದಿಗೂ ಕಾಂತೀಯ ಟೇಪಿನ ಮೇಲಿವೆ. ಸಾಮಾನ್ಯ ಆಡಿಯೋ ಕ್ಯಾಸೆಟ್ಟಿನಲ್ಲಿರುವುದು ಮೇಲೆ ಹೇಳಿದ ಮ್ಯಾಗ್ಹೆಮೈಟಿನ ಸೂಜಿಯಾಕಾರದ ಕಣಗಳು, ಅಂಟಿನಲ್ಲಿ ಕಲಸಿ ಬಳಿದಂಥವು. ವಿಎಚ್‌ಎಸ್ ವಿಡಿಯೋ ಟೇಪಿನಲ್ಲಿ ಅದಕ್ಕೇ ಕೋಬಾಲ್ಟ್ ಸೇರಿಸಿರುತ್ತಾರೆ. ಅವು ಈಗಾಗಲೇ ಪೂರ್ತಿ ಉತ್ಕರ್ಷಣಗೊಂಡ ಆಕ್ಸೈಡ್ ಆದ್ದರಿಂದ ಇನ್ನು ಜಂಗು ಹಿಡಿಯುವ ಪ್ರಶ್ನೆಯಿಲ್ಲ. ಅಲ್ಲಿ ಹಾಳಾಗುವುದು ಕಣಗಳನ್ನು ಹಿಡಿದಿರುವ ಅಂಟು, ಅದರ ಶತ್ರು ತೇವ ಮತ್ತು ಕಾವು. ಎಂಬತ್ತರ ದಶಕದ ಕೊನೆಯಿಂದ ಬಂದ ಹೈ8 ಮತ್ತು 1995ರ ನಂತರದ ಮಿನಿಡಿವಿ ಎಂಬ ವಿಡಿಯೋ ಕ್ಯಾಸೆಟ್ಟುಗಳ ಸಂಗತಿ ಬೇರೆ. ಮಿನಿಡಿವಿಯಲ್ಲಿ, ಹಾಗೂ ಹೈ8ನ ಒಂದು ಬಗೆಯಲ್ಲಿ, ಇರುವುದು ಆಮ್ಲಜನಕದ ಸಣ್ಣ ಹರಿವಿನಲ್ಲಿ ಓರೆಯಾಗಿ ಆವಿಗೊಳಿಸಿದ ಕೋಬಾಲ್ಟಿನ ನಿಜವಾದ ತೆಳುಪದರ, ದಪ್ಪ ಸುಮಾರು 0.2 ಮೈಕ್ರೋಮೀಟರ್, ಆ ಆಮ್ಲಜನಕವೇ ಹರಳುಗಳ ಬದುವಿನಲ್ಲಿ ಕುಳಿತು ಅವುಗಳನ್ನು ಬೇರ್ಪಡಿಸಿ ಬರೆದ ಚಿತ್ರವನ್ನು ಕಾಪಾಡುತ್ತದೆ. ಹೈ8ನ ಇನ್ನೊಂದು ಬಗೆಯಲ್ಲಿ ಲೋಹದ ಕಣಗಳಿವೆ. ಎರಡರಲ್ಲೂ ಹರಳಿನ ಒಡಲು ಲೋಹವೇ ಆದ್ದರಿಂದ ತೇವ ಮತ್ತು ಬೆರಳಿನ ಬೆವರಿನ ಉಪ್ಪು ತಾಗಿದರೆ ಸವೆತ ಮುಂದುವರಿಯುತ್ತದೆ.

ಕುಷ್ಟಗಿ ಸೀಮೆಯ ಒಣ ಹವೆ ಟೇಪುಗಳಿಗೆ ಕರಾವಳಿಗಿಂತ ಬಹಳ ಅನುಕೂಲ, ಬೇಸಿಗೆಯ ಕಾವು ಮಾತ್ರ ಪ್ರತಿಕೂಲ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಟೇಪುಗಳನ್ನು ಇಡಬಾರದು. ಮಣ್ಣಿನ ಮಾಳಿಗೆಯ ಒಳಕೋಣೆ, ಹಗಲು-ರಾತ್ರಿಯ ತಾಪಮಾನದ ಏರಿಳಿತ ಕಡಿಮೆಯಿರುವುದರಿಂದ, ಸಿಮೆಂಟಿನ ಮೇಲಂತಸ್ತಿಗಿಂತ ಉತ್ತಮ. ಕ್ಯಾಸೆಟ್ಟುಗಳನ್ನು ಡಬ್ಬಿಯೊಳಗೆ ನಿಲ್ಲಿಸಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಿಸಿ, ಸ್ಪೀಕರುಗಳಿಂದ ಅರ್ಧ ಮೀಟರಾದರೂ ದೂರ ಇಡಬೇಕು. ಹಾರ್ಡ್ ಡಿಸ್ಕನ್ನು ಕೆಟ್ಟಿತೆಂದು ಮನೆಯಲ್ಲಿ ಬಿಚ್ಚಿದರೆ ಇಂಗಾಲದ ಆ ಎರಡು-ಮೂರು ನ್ಯಾನೋಮೀಟರ್ ಹೊದಿಕೆಯ ಮೇಲೆ ಧೂಳು ಕೂತು, ತಿರುಗುವಾಗ ಗೀರು ಬಿದ್ದು, ಉಳಿಯಬಹುದಾಗಿದ್ದ ದತ್ತಾಂಶವೂ ಹೋಗುತ್ತದೆ.

ಡಿಜಿಟಲ್ ಪ್ರತಿ ಮಾಡಿಸುವಾಗ ವಯಸ್ಸಿನ ಕ್ರಮವನ್ನು ಅನುಸರಿಸಿ ಹಳೆಯ ಆಡಿಯೋ ಕ್ಯಾಸೆಟ್ಟಿನಿಂದ ಆರಂಭಿಸುವುದು ವಾಡಿಕೆ. ಆದರೆ ಲೋಹದ ಪದರ ಇಲ್ಲವೇ ಲೋಹದ ಕಣಗಳಿರುವ ಮಿನಿಡಿವಿ ಮತ್ತು ಹೈ8 ಟೇಪುಗಳನ್ನು ಮೊದಲು, ವಿಎಚ್‌ಎಸ್ಸನ್ನು ಅನಂತರ, ಮ್ಯಾಗ್ಹೆಮೈಟಿನ ಆಡಿಯೋ ಕ್ಯಾಸೆಟ್ಟುಗಳನ್ನು ಕೊನೆಗೆ ತೆಗೆದುಕೊಳ್ಳುವುದು ಮೇಲಿನ ಕಾರಣಗಳಿಂದ ಹೆಚ್ಚು ಸರಿಯಾದ ಕ್ರಮ. ಆಡಿಯೋ ಕ್ಯಾಸೆಟ್ಟು ಜಿಗುಟಾಗಿದ್ದರೆ ಅಥವಾ ಓಡುವಾಗ ಕಿರುಗುಟ್ಟಿದರೆ ಮಾತ್ರ ಅದು ಸರದಿಯಲ್ಲಿ ಮುಂದೆ ಬರಬೇಕು. ಮಿನಿಡಿವಿಯನ್ನು ಕ್ಯಾಮೆರಾದ ಫೈರ್‌ವೈರ್ ಕಿಂಡಿಯಿಂದಲೇ ಕಂಪ್ಯೂಟರಿಗೆ ಇಳಿಸಿದರೆ ಮೂಲದ ಅಂಕಿಗಳು ಹಾಗೆಯೇ ಬರುತ್ತವೆ. ಪ್ರತಿ ಮಾಡುವ ಮುನ್ನ ಕ್ಯಾಮೆರಾದ ತಲೆಯನ್ನು ಶುಚಿಗೊಳಿಸಿ, ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಹೊಳಪಿನ ಬದಿಯನ್ನು ಬೆರಳಿನಿಂದ ಮುಟ್ಟದೆ ಯಂತ್ರಕ್ಕೆ ಹಾಕಬೇಕು.